ಶೂನ್ಯ ದೋಷ

ನಮ್ಮ ಶಾಲೆಗೆ ಇರುವುದೊಂದೇ ಸ್ಪ್ರಿಂಗ್ ತಕ್ಕಡಿ.
ಏನೂ ತೂಗುಹಾಕದಿದ್ದರೂ ಅದರ ಮುಳ್ಳು
ಸೊನ್ನೆ ದಾಟಿ ಎರಡು ಗೆರೆ ಕೆಳಗೇ ನಿಲ್ಲುತ್ತದೆ.
ಇದಕ್ಕೆ ಶೂನ್ಯ ದೋಷ ಅನ್ನುತ್ತಾರೆ, ಬರೆದುಕೊಳ್ಳಿ,
ಬಂದ ಅಳತೆಯಲ್ಲಿ ಎರಡು ಗೆರೆ ಕಳೆಯಿರಿ,
ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ.
ಹೊಸದು ಬೇಕೆಂದು ಬರೆದ ಅರ್ಜಿಗೂ
ಅಷ್ಟೇ ವಯಸ್ಸು.

ದಾವಣಗೆರೆಯ ಈ ಮಗ್ಗುಲಲ್ಲಿ ಬೆಳಗಿನ ಪ್ರಾರ್ಥನೆಗೆ
ಮಂಡಕ್ಕಿ ಭಟ್ಟಿಯ ಹೊಗೆಯೂ ಬಂದು ಸಾಲು ನಿಲ್ಲುತ್ತದೆ.
ಹಲಗೆ ಒರೆಸಿದರೆ ಬಟ್ಟೆಗೆ ಹತ್ತುವುದು
ಅರ್ಧ ಸೀಮೆಸುಣ್ಣ, ಅರ್ಧ ಹೊಟ್ಟಿನ ಮಸಿ.
ಒಂಬತ್ತನೇ ತರಗತಿ, ಬಿ ವಿಭಾಗ.
ಹಾಜಿರಾ, ಎಂದರೆ
ಹಾಜರ್ ಸಾ, ಎನ್ನುವಳು. ಮಿಕ್ಕವರಿಗೆ ದಿನವೂ ನಗು.

ಅಂದಿನ ಪಾಠ ಕೆಲಸ.
ಬಲ ಗುಣಿಸು ಸ್ಥಾನಪಲ್ಲಟ.
ನಮ್ಮ ಮನೆಗಳಿಂದಲೇ ಕೈಗಡ ಒಯ್ದ ಮಾತುಗಳು,
ಕೆಲಸ, ಶಕ್ತಿ, ಒತ್ತಡ, ರಾಶಿ.
ಪುಸ್ತಕ ವಾಪಸು ಕೊಡುವಾಗ
ಬೇರೆ ಸೇರಿನಲ್ಲಿ ಅಳೆದು ಕೊಡುತ್ತದೆ.
ಕಣದ ರಾಶಿ ಅಲ್ಲ ಇದು, ದ್ರವ್ಯದ ರಾಶಿ.
ಮನೆ ಮಾಲೀಕನ ಒತ್ತಡ ಅಲ್ಲ, ಚದರ ಮೀಟರಿನದು.

ಮಂಜಪ್ಪನ ಕೈಯಲ್ಲಿ ಗೋಡೆ ತಳ್ಳಿಸಿದೆ.
ಅವನ ಕತ್ತಿನ ನರ ಉಬ್ಬಿತು, ಗೋಡೆ ಕದಲಲಿಲ್ಲ.
ಎಷ್ಟು ಕೆಲಸ?
ಸೊನ್ನೆ, ಅಂದಿತು ತರಗತಿ ಒಂದೇ ಉಸಿರಿಗೆ.

ಹಾಜಿರಾ ಕೈಯೆತ್ತಿದಳು.
ಸಾ, ನಮ್ಮ ಅಮ್ಮಿ ಜರಡಿ ಹತ್ರ ನಿಂತಿರ್ತಾಳೆ,
ಚೀಲದ ಬಾಯಿ ಅಗಲಿಸಿ ಹಿಡ್ಕಂಡು.
ಮಂಡಕ್ಕಿ ಬೀಳ್ತಾನೇ ಇರ್ತೈತೆ. ಅಮ್ಮಿ ಅಲುಗಾಡಂಗಿಲ್ಲ,
ಅಲುಗಿದ್ರೆ ಚೆಲ್ತೈತೆ, ಭಟ್ಟಿಯೋರು ಬೈತಾರೆ.
ರಾತ್ರಿ ರೊಟ್ಟಿ ಮುರಿಯಾಕೆ ಬೆರಳು ಮಡಚಲ್ಲ ಅವಳಿಗೆ.
ಅದೂ ಸೊನ್ನೆನಾ ಸಾ?

ಗಂಟೆ ಹೊಡೆಯಲು ಇನ್ನೂ ಹನ್ನೊಂದು ನಿಮಿಷವಿತ್ತು.
ಪುಸ್ತಕದ ಪ್ರಕಾರ, ಅಂದೆ,
ಮುಂದಿನ ಲೆಕ್ಕ ಬರೆಸಿದೆ.

ಸಂಜೆ ಭಟ್ಟಿಗೆ ಹೋದೆ, ಮಂಡಕ್ಕಿ ಕೊಳ್ಳುವ ನೆಪ.
ಕಾದ ಮರಳಿಗೆ ಬಿದ್ದ ಅಕ್ಕಿ
ಒಳಗಿನ ಚೂರು ನೀರನ್ನು ಹಬೆ ಮಾಡಿ,
ಹಬೆಗೆ ಜಾಗ ಸಾಲದೆ
ಪಟಪಟನೆ ಅರಳಿ ಬೆಳ್ಳಗಾಗುತ್ತಿತ್ತು,
ನಾನು ಮೂರು ಪೀರಿಯಡ್ಡು ಎಳೆಯುವ ಪಾಠವನ್ನು
ಅರೆಗಳಿಗೆಯಲ್ಲಿ ಮುಗಿಸಿ.
ಖೈರುನ್ನಿಸಾ ಇತ್ತ ನೋಡಲಿಲ್ಲ. ಚೀಲ ಹಿಡಿದಿದ್ದಳು.
ಬಾಗಿಲಿಂದ ನೋಡಿದರೆ ಕಂಬ.

ಹತ್ತಿರ ಹೋದೆ.
ಮೊಣಕೈಯಿಂದ ಮಣಿಕಟ್ಟಿನವರೆಗೆ
ಸಣ್ಣಗೆ, ಬಿಡದೆ, ನಡುಕ.
ಚೀಲದ ಅಂಚು ಕೂದಲೆಳೆಯಷ್ಟು ಇಳಿಯುವುದು,
ಅವಳು ಎತ್ತುವಳು.
ಇಳಿಯುವುದು, ಎತ್ತುವಳು.
ಚರ್ಮದ ಕೆಳಗೆ ಒಂದೊಂದು ಎಳೆಯೂ
ಬಿಗಿದು, ಬಿಟ್ಟು, ಮತ್ತೆ ಬಿಗಿದು
ಮಧ್ಯಾಹ್ನ ಉಂಡದ್ದನ್ನು ಬಿಸಿಯಾಗಿ ಸುರಿಯುತ್ತಿತ್ತು.
ಆ ಬಿಸಿ ಭಟ್ಟಿಯ ಬಿಸಿಯಲ್ಲಿ ಕಲೆತು
ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿತ್ತು.
ಸ್ಥಾನಪಲ್ಲಟ ಇತ್ತು.
ನಾನು ಬಾಗಿಲಲ್ಲೇ ನಿಂತು ಅಳೆದಿದ್ದೆ.

ಅರ್ಧ ಸೇರು ಕೊಟ್ಟಳು, ಮೇಲೊಂದು ಹಿಡಿ ಹಾಕಿ.
ಮಗಳು ಹೆಂಗೆ ಓದ್ತಾಳೆ ಎಂದು ಕೇಳಲಿಲ್ಲ.
ಕ್ಲಾಸಲ್ಲಿ ಬಾಯಿ ಜಾಸ್ತಿ ಮಾಡ್ತಾಳಾ ಸಾ, ಅಂದಳು.
ಮಾಡ್ತಾಳೆ, ಅಂದೆ. ಮಾಡ್ಲಿ ಬಿಡಮ್ಮ.

ಮರುದಿನ ಎಲ್ಲರಿಗೂ ಎರಡೆರಡು ಪುಸ್ತಕ ಕೊಟ್ಟು
ಕೈ ಚಾಚಿಸಿ ನಿಲ್ಲಿಸಿದೆ. ಮೂರನೇ ನಿಮಿಷಕ್ಕೆ
ಮಂಜಪ್ಪನ ತೋಳು ಹಾಜಿರಾಳ ಅಮ್ಮಿಯಂತೆ ನಡುಗಿತು.
ಪುಸ್ತಕದ ಮೇಲೆ ಆದ ಕೆಲಸ ಸೊನ್ನೆ, ಅಂದೆ,
ಅದು ಸುಳ್ಳಲ್ಲ.
ನಿಮ್ಮೊಳಗೆ ಆದದ್ದು ಸೊನ್ನೆ ಅಲ್ಲ.
ಪರೀಕ್ಷೆಗೆ ಯಾವುದು ಬರೀಬೇಕು ಸಾ?
ಹಿಂದಿನ ಬೆಂಚು ಸುಮ್ಮನಿರುವುದಲ್ಲ.

ಪರೀಕ್ಷೆಗೆ ಸೊನ್ನೆ ಬರೀರಿ, ಎರಡು ಅಂಕ.

ಹಾಜಿರಾ ಸೊನ್ನೆ ಬರೆದುಕೊಂಡಳು.
ಅದರ ಕೆಳಗೆ, ಪೆನ್ಸಿಲಿನಲ್ಲಿ,
ಎರಡು ಗೆರೆ.